ಮಗಳ ಎಂಎಸ್‌ಗೆ ತೋಟ ಅಡ ಇಡಬೇಕಾ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಮಗಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷದಿಂದ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ನೀರು ಮತ್ತು ಪರಿಸರ ಎಂಜಿನಿಯರಿಂಗ್ ಎಂಎಸ್‌ಸಿಗೆ ಸೀಟು ಸಿಕ್ಕಿದೆ. ಎಲ್ಲ ಸೇರಿ 38 ಲಕ್ಷ ಬೇಕು ಅಂತ ಏಜೆಂಟರು ಲೆಕ್ಕ ಕೊಟ್ಟಿದ್ದಾರೆ. ನಮ್ಮ ಕೈಯಲ್ಲಿ ಇರುವುದು 8 ಲಕ್ಷ. ಬ್ಯಾಂಕಿನವರು ತೋಟದ ಮೇಲೆ ಸಾಲ ಆಗುವುದಿಲ್ಲ ಅಂದರು. ಸೊಸೈಟಿಯಲ್ಲಿ ತೋಟ ಅಡ ಇಟ್ಟರೆ ಸಿಗಬಹುದು. ಹದಿನೈದು ದಿನದಲ್ಲಿ ಡಿಪಾಸಿಟ್ ಕಟ್ಟಬೇಕಂತೆ. ಕಟ್ಟಲಾ?

ಉತ್ತರ: ಈಗಲೇ ಕಟ್ಟಬೇಡಿ. ಮಗಳು ವಿದೇಶಕ್ಕೆ ಹೋಗಿ ಓದುವುದು ಬೇಡ ಅಂತ ಹೇಳುತ್ತಿಲ್ಲ. ಖಂಡಿತ ಹೋಗಲಿ. ಆದರೆ ನಿಮ್ಮಂಥ ಮನೆಗೆ ಈ ದಾರಿ ತೀರಾ ದುಬಾರಿ. ಒಂದು ವರ್ಷ ಕಾದರೆ ಅವಳಿಗೆ ಬೇರೆ ದಾರಿಗಳು ತೆರೆದುಕೊಳ್ಳುತ್ತವೆ. ಅದೂ ಅವಳ ವಿಷಯದಲ್ಲಿ ಕಾಯುವುದಕ್ಕೆ ಒಂದು ನಿರ್ದಿಷ್ಟ ಕಾರಣವೇ ಇದೆ, ಮುಂದೆ ಹೇಳುತ್ತೇನೆ.

ಮೊದಲು ಸಾಲದ ಲೆಕ್ಕ ನೋಡೋಣ. 30 ಲಕ್ಷ ಸಾಲ, ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ. ಕೋರ್ಸು ಒಂದು ವರ್ಷ, ಅದಾದ ಮೇಲೆ ಕಂತು ಕಟ್ಟದೆ ಇರಬಹುದಾದ ಅವಧಿ ಇನ್ನೊಂದು ವರ್ಷ. ಈ ಎರಡು ವರ್ಷದ ಬಡ್ಡಿ ಸೇರಿ ಸಾಲ ಹತ್ತಿರ ಹತ್ತಿರ 36 ಲಕ್ಷ ಆಗುತ್ತದೆ. ಅದನ್ನು 15 ವರ್ಷದಲ್ಲಿ ತೀರಿಸಲು ತಿಂಗಳಿಗೆ 38 ಸಾವಿರದ ಮೇಲೆ ಕಂತು. ಒಟ್ಟು ಕಟ್ಟುವುದು 70 ಲಕ್ಷದ ಹತ್ತಿರ. ಅವಳಿಗೆ ಅಲ್ಲೇ ಒಳ್ಳೆ ಕೆಲಸ ಸಿಕ್ಕರೆ ಇದು ಭಾರ ಅನಿಸದು. ಸಿಗದೆ ವಾಪಸ್ ಬಂದರೆ? ಹುಬ್ಬಳ್ಳಿ, ಬೆಂಗಳೂರಿನ ಸಿವಿಲ್ ಎಂಜಿನಿಯರ್ ಸಂಬಳದಲ್ಲಿ 38 ಸಾವಿರ ತೆಗೆದಿಟ್ಟು ಬದುಕುವುದು ಎಷ್ಟು ಕಷ್ಟ ಅಂತ ಅವಳಿಗೇ ಗೊತ್ತು. ಇಂಗ್ಲೆಂಡಿನಲ್ಲಿ ಎಂಎಸ್‌ಸಿ ಮುಗಿಸಿದವರು ಅಲ್ಲಿ ಉಳಿದು ಕೆಲಸ ಮಾಡಲು ಕೊಡುವ ವೀಸಾ ಇದುವರೆಗೆ ಎರಡು ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಸಾಲ ತೀರಿಸುವ ಲೆಕ್ಕದಲ್ಲಿ ಈ ಆರು ತಿಂಗಳು ದೊಡ್ಡದು.

ಇನ್ನು ತೋಟದ ವಿಷಯ. ಬ್ಯಾಂಕಿನವರು ನಿಮಗೆ ಸುಮ್ನೆ ಇಲ್ಲ ಅಂದಿಲ್ಲ. ಸಾಲ ಬಾಕಿಯಾದಾಗ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಇರುವ ಕಾನೂನು ಸರ್ಫೇಸಿ ಕಾಯ್ದೆ. ಅದು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ತೋಟಕ್ಕೆ ಎಷ್ಟೇ ಬೆಲೆ ಇರಲಿ, ಶಿಕ್ಷಣ ಸಾಲಕ್ಕೆ ಅದನ್ನು ಅಡ ಇಟ್ಟುಕೊಳ್ಳಲು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಅವರು ಕೇಳುವುದು ಪೇಟೆಯ ಮನೆ, ಎನ್‌ಎ (ಕೃಷಿಯೇತರ ಅಂತ ಪರಿವರ್ತನೆ) ಆದ ಸೈಟು, ಫ್ಲ್ಯಾಟು, ಎಫ್‌ಡಿ, ಎಲ್‌ಐಸಿ ಪಾಲಿಸಿ.

"ಹಾಗಾದರೆ ನಮ್ಮ ಮನೆ ಇದೆಯಲ್ಲ" ಅಂತ ನೀವು ಕೇಳಬಹುದು. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಘಟ್ಟದ ಮೇಲಿನ ಫೈಲುಗಳನ್ನು ವರ್ಷಗಟ್ಟಲೆ ನೋಡಿದವನಾಗಿ ಹೇಳುತ್ತೇನೆ, ಮನೆಯ ಕಾಗದದಲ್ಲೇ ಹೆಚ್ಚಿನವರ ಅರ್ಜಿ ನಿಲ್ಲುತ್ತದೆ. ಮ್ಯಾನೇಜರ್ ಮೊದಲು ತೆಗೆಯುವುದು ಪಹಣಿ. ಮನೆ ತೋಟದ ಸರ್ವೆ ನಂಬರಿನಲ್ಲೇ ಇರುತ್ತದೆ, ಎನ್‌ಎ ಆಗಿರುವುದಿಲ್ಲ. ಕಾಲಂ 9ರಲ್ಲಿ ತೀರಿಕೊಂಡ ಅಜ್ಜನ ಹೆಸರು, ಇಲ್ಲವೇ ಅಪ್ಪ, ದೊಡ್ಡಪ್ಪ, ಮುಂಬೈಯಲ್ಲಿರುವ ಚಿಕ್ಕಪ್ಪ, ಮದುವೆಯಾಗಿ ಹೋದ ಅತ್ತೆಯರು, ಎಲ್ಲರ ಹೆಸರೂ ಸಾಲಾಗಿ ಇರುತ್ತವೆ. ಕಾಲಂ 11ಕ್ಕೆ ಬಂದರೆ ಸೊಸೈಟಿಯ ಬೆಳೆಸಾಲದ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ಹೊರೆ. ಪಕ್ಕದ ಬೆಟ್ಟ ನಿಮ್ಮ ಅನುಭೋಗದಲ್ಲಿದ್ದರೂ ಅದು ಅರಣ್ಯದ್ದು, ಲೆಕ್ಕಕ್ಕೆ ಬರುವುದಿಲ್ಲ. ಇಷ್ಟಾದ ಮೇಲೆ ಬ್ಯಾಂಕಿನ ವಕೀಲರು ಹಿಸ್ಸೆದಾರರೆಲ್ಲರ ಸಹಿ ಕೇಳುತ್ತಾರೆ. ಒಬ್ಬರು ಬರಲಿಲ್ಲ ಅಂದರೆ ಫೈಲು ಅಲ್ಲೇ ನಿಂತಿತು. ಮನೆ ಗ್ರಾಮಠಾಣಾ ಜಾಗದಲ್ಲಿದ್ದು, ಪಂಚಾಯತಿಯ ಇ-ಸ್ವತ್ತು ಕಾಗದ, ಅಂದರೆ ನಮೂನೆ 9 ಮತ್ತು 11, ನಿಮ್ಮ ಹೆಸರಲ್ಲೇ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ವಾಟ್ನಿ (ಪಾಲು ಹಂಚಿಕೆ), ಪೋಡಿ (ಅಳತೆ ಮಾಡಿ ಸರ್ವೆ ನಂಬರು ಬೇರೆ ಮಾಡುವುದು), ಎನ್‌ಎ ಯಾವುದೂ ಹದಿನೈದು ದಿನದಲ್ಲಿ ಮುಗಿಯುವ ಕೆಲಸ ಅಲ್ಲ.

ಅದಕ್ಕೇ ಎಲ್ಲರೂ ಸೊಸೈಟಿಯ ಕಡೆ ತಿರುಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳು ರೈತನ ಕೈ ಹಿಡಿದಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಯ ಅಡವು ಸಾಲಕ್ಕೆ ಶಿಕ್ಷಣ ಸಾಲದ ಅನುಕೂಲ ಇರುವುದಿಲ್ಲ. ಕಂತು ಬೇಗ ಶುರುವಾಗುತ್ತದೆ, ತೀರಿಸುವ ಅವಧಿಯೂ ಕಡಿಮೆ. ಮಗಳು ಇನ್ನೂ ಕ್ಲಾಸಿನಲ್ಲಿ ಕೂತಿರುವಾಗಲೇ ನೀವು ಇಲ್ಲಿ ಅಡಿಕೆ ಮಾರಿ ಕಟ್ಟಬೇಕು. ಒಂದು ಮಳೆಗಾಲ ಕೊಳೆ ಜೋರಾಯಿತು, ಅಥವಾ ಎಲೆಚುಕ್ಕಿ ರೋಗ ತೋಟಕ್ಕೆ ಬಂತು ಅಂದರೆ ಕಂತು ತಪ್ಪುತ್ತದೆ. ಬೆಳೆಸಾಲ ಸರಿಯಾಗಿ ಕಟ್ಟುವವರಿಗೆ ಸಿಗುವ ಶೂನ್ಯ ಬಡ್ಡಿಯ ಅನುಕೂಲಕ್ಕೂ ಆಗ ಕುತ್ತು ಬರಬಹುದು. ಮನೆ ನಡೆಸುವ ತೋಟವನ್ನೂ ಮಗಳ ಕಲಿಕೆಯನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ದಾರಿಗಳಿಗೆ ಬರೋಣ. ನಮ್ಮ ಕಡೆ ಎಲ್ಲರೂ ಮೊದಲು ಸೀಟು ಹಿಡಿದು ಆಮೇಲೆ ದುಡ್ಡು ಹುಡುಕುತ್ತಾರೆ. ಅದನ್ನು ತಿರುಗಿಸಿ. ಯಾವ ದೇಶದಲ್ಲಿ ಫೀಯೇ ಇಲ್ಲ ಅಥವಾ ತೀರಾ ಕಡಿಮೆ ಅಂತ ಮೊದಲು ನೋಡಿ. ಆಮೇಲೆ ಖರ್ಚು ಯಾರು ಕೊಡುತ್ತಾರೆ ಅಂತ ನೋಡಿ. ಉಳಿದ ಕೊರತೆಗೆ ಮಾತ್ರ ಸಾಲ.

ನಿಮ್ಮ ಮಗಳ ವಿಷಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಜರ್ಮನಿ. ಅಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಸೆಮಿಸ್ಟರಿಗೆ ಕೆಲವು ನೂರು ಯೂರೊ ಮಾತ್ರ ಕಟ್ಟಬೇಕು, ಬಹಳ ಕಡೆ ಅದರಲ್ಲೇ ಬಸ್ಸು-ರೈಲಿನ ಪಾಸೂ ಸಿಗುತ್ತದೆ. ಎಲ್ಲ ಕಡೆ ಹೀಗಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿಯೂ 2024ರಿಂದ ಫೀ ತೆಗೆದುಕೊಳ್ಳುತ್ತಿದೆ. ಉಳಿದ ರಾಜ್ಯಗಳಲ್ಲಿ ಇಂಗ್ಲಿಷಿನಲ್ಲೇ ಕಲಿಸುವ ನೀರು, ಪರಿಸರ, ಜಿಯೊಟೆಕ್ನಿಕಲ್ ಕೋರ್ಸುಗಳು ಬೇಕಾದಷ್ಟಿವೆ.

ವೀಸಾಕ್ಕೆ ಒಂದು ವರ್ಷದ ಜೀವನ ಖರ್ಚು ತೋರಿಸಬೇಕು. ಈಗ ಅದು 11,904 ಯೂರೊ. ಯೂರೊಗೆ 100 ರೂಪಾಯಿ ಹಿಡಿದರೆ ಸುಮಾರು 12 ಲಕ್ಷ, ದರ ಅದಕ್ಕಿಂತ ಮೇಲಿದ್ದರೆ ಅಷ್ಟು ಜಾಸ್ತಿ. ಇದು ಫೀ ಅಲ್ಲ ಅನ್ನುವುದನ್ನು ಗಮನಿಸಿ. ಬ್ಲಾಕ್ಡ್ ಅಕೌಂಟ್ ಅಂತ ಅವಳ ಹೆಸರಲ್ಲೇ ಇಟ್ಟ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ಅವಳ ಕೈಗೇ ಬರುತ್ತದೆ. ನಿಮ್ಮ ಹತ್ತಿರ 8 ಲಕ್ಷ ಇದೆ. ಟಿಕೆಟ್, ವೀಸಾ, ಪರೀಕ್ಷೆ ಸೇರಿಸಿದರೂ ಕೊರತೆ ಆರು ಲಕ್ಷದ ಆಸುಪಾಸು. ಇಲ್ಲಿದೆ ಮುಖ್ಯ ವಿಷಯ: ಬ್ಯಾಂಕುಗಳ ಸಂಘ ಮಾಡಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡ ಬೇಕಿಲ್ಲ. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. ಅದಕ್ಕೆ ಸರ್ಕಾರದ ಕ್ರೆಡಿಟ್ ಗ್ಯಾರಂಟಿಯೂ, ಅಂದರೆ ಸಾಲ ಬಾಕಿಯಾದರೆ ಬ್ಯಾಂಕಿಗೆ ಖಾತರಿಯೂ ಇದೆ. ಅಂದರೆ ಪಹಣಿಯನ್ನು ಮನೆಯಿಂದ ಹೊರಗೆ ತೆಗೆಯದೆಯೇ ಮಗಳನ್ನು ಕಳಿಸಬಹುದು.

ಎರಡನೇ ವರ್ಷ ಏನು ಮಾಡುವುದು? ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ವಾರಕ್ಕೆ 12 ಗಂಟೆ ಕೆಲಸ ಸಿಕ್ಕರೂ ಕಡಿತಕ್ಕೆ ಮೊದಲು ತಿಂಗಳಿಗೆ 700 ಯೂರೊ ಹತ್ತಿರ ಬರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಇದನ್ನು ನಂಬಿಕೊಳ್ಳಬೇಡಿ. ಊರು ಗೊತ್ತಿಲ್ಲ, ಭಾಷೆ ಬರಲ್ಲ, ಕ್ಲಾಸು ಬಿಗಿ ಇರುತ್ತದೆ. ಅದಕ್ಕೇ ಈ ಕಾಯುವ ವರ್ಷದಲ್ಲಿ ಅವಳು ಜರ್ಮನ್ ಭಾಷೆ ಎ2 ಅಥವಾ ಬಿ1 ಮಟ್ಟದವರೆಗೆ, ಅಂದರೆ ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು ಕಲಿಯಲಿ. ಆನ್‌ಲೈನಿನಲ್ಲೇ ಕಲಿಯಬಹುದು. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕೆಲಸ ಸಿಗುವುದು ಭಾಷೆಯಿಂದ. ಹೋಗುವ ಮೊದಲು ಎಪಿಎಸ್ ಅನ್ನುವ ದಾಖಲೆ ಪರಿಶೀಲನೆ ಆಗಬೇಕು, ಅದಿಲ್ಲದೆ ಭಾರತದವರಿಗೆ ಜರ್ಮನಿಯ ವಿದ್ಯಾರ್ಥಿ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಅದರ ಶುಲ್ಕ 18,000 ರೂಪಾಯಿ.

ನಿಮ್ಮ ಏಜೆಂಟರು ಇದನ್ನು ಯಾಕೆ ಹೇಳಲಿಲ್ಲ ಅಂತ ಅನಿಸಬಹುದು. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಫೀ ತೆಗೆದುಕೊಳ್ಳುವ ಯೂನಿವರ್ಸಿಟಿಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಫೀಯೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಜರ್ಮನಿ ಅಂತ ಕೇಳಿದರೂ ಕೆಲವರು ಅಲ್ಲಿಯ ಖಾಸಗಿ ಕಾಲೇಜಿಗೆ ಸೇರಿಸುತ್ತಾರೆ, ಅಲ್ಲಿ ಫೀ ಇದೆ. "ಬ್ಯಾಂಕ್ ಬ್ಯಾಲೆನ್ಸ್ ತೋರಿಸಲು ಹಣ ನಾವೇ ಹೊಂದಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಆ ಕ್ಷಣವೇ ಎದ್ದು ಬನ್ನಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಆ ದೇಶದ ಬಾಗಿಲು ಮುಚ್ಚುತ್ತದೆ, ಮತ್ತು ಅದನ್ನು ಅನುಭವಿಸುವವಳು ನಿಮ್ಮ ಮಗಳು.

ಈಗ ಕಾಯಬೇಕು ಅನ್ನುವುದಕ್ಕೆ ಆ ಕಾರಣ. ದೊಡ್ಡ ಸ್ಕಾಲರ್‌ಶಿಪ್‌ಗಳಲ್ಲಿ ಹಲವು ಎರಡು ವರ್ಷದ ಕೆಲಸದ ಅನುಭವ ಕೇಳುತ್ತವೆ. ಅವಳಿಗೆ ಈಗ ಒಂದೂವರೆ ವರ್ಷ ಆಗಿದೆ. ಅಂದರೆ ಆರೇ ತಿಂಗಳು ಬಾಕಿ! ವಿದೇಶಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವ ಜರ್ಮನಿಯ ಡಾಡ್ (DAAD) ಸಂಸ್ಥೆಯ ಎಪೋಸ್ (EPOS) ಎಂಬ ಯೋಜನೆ ಅಭಿವೃದ್ಧಿಶೀಲ ದೇಶಗಳ ಯುವ ವೃತ್ತಿಪರರಿಗಾಗಿಯೇ ಇದೆ. ಅದರ ಪಟ್ಟಿಯಲ್ಲಿ ನೀರು ಮತ್ತು ಪರಿಸರದ ಕೋರ್ಸುಗಳಿವೆ. ಬೇಕಾದದ್ದು ಎರಡು ವರ್ಷದ ಅನುಭವ, ಮತ್ತು ಪದವಿ ಮುಗಿದು ಆರು ವರ್ಷ ದಾಟಿರಬಾರದು. ಇಂಗ್ಲೆಂಡೇ ಬೇಕು ಅಂದರೆ ಅಲ್ಲಿಯ ಸರ್ಕಾರ ಕೊಡುವ ಚೀವ್ನಿಂಗ್ ಇದೆ. ಒಂದು ವರ್ಷದ ಎಂಎಸ್‌ಸಿಗೆ ಫೀ, ವಿಮಾನ, ತಿಂಗಳ ಖರ್ಚು ಎಲ್ಲ ಕೊಡುತ್ತಾರೆ. ಅವರು 2,800 ಗಂಟೆಯ, ಅಂದರೆ ಸುಮಾರು ಎರಡು ವರ್ಷದ ಅನುಭವ ಕೇಳುತ್ತಾರೆ. ಓದು ಮುಗಿಸಿ ಎರಡು ವರ್ಷಕ್ಕೆ ಊರಿಗೆ ಮರಳಬೇಕು ಅನ್ನುವ ಷರತ್ತಿದೆ. ಅರ್ಜಿ ಸಾಮಾನ್ಯವಾಗಿ ಆಗಸ್ಟಿನಿಂದ ಅಕ್ಟೋಬರ್‌ವರೆಗೆ. ಕಾಮನ್‌ವೆಲ್ತ್ ಶೇರ್ಡ್ ಸ್ಕಾಲರ್‌ಶಿಪ್ ಇರುವುದು ಸ್ವಂತ ಹಣದಲ್ಲಿ ಇಂಗ್ಲೆಂಡಿಗೆ ಹೋಗಲಾಗದವರಿಗೆ, ಅದನ್ನೂ ಬಿಡಬೇಡಿ.

ಅನುಭವ ಕೇಳದೆ ಪೂರ್ತಿ ಖರ್ಚು ಕೊಡುವುದು ಯೂರೋಪಿನ ಎರಾಸ್ಮಸ್ ಮುಂಡುಸ್. ಎರಡು ಮೂರು ದೇಶಗಳಲ್ಲಿ ಸೇರಿ ಓದುವ ಎಂಎಸ್. ಫೀ ಇಲ್ಲ, ಮೇಲಿಂದ ತಿಂಗಳಿಗೆ 1,400 ಯೂರೊ, ಎರಡು ವರ್ಷದವರೆಗೆ. ಸ್ಪರ್ಧೆ ಬಿಗಿ ಇದೆ, ಆದರೂ ಪ್ರತಿ ವರ್ಷ ಭಾರತದವರು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಾರೆ. ನೀರು, ಪ್ರವಾಹ, ಕರಾವಳಿ ಎಂಜಿನಿಯರಿಂಗ್ ವಿಷಯಗಳಲ್ಲೂ ಕೋರ್ಸುಗಳಿವೆ. ಅರ್ಜಿ ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ.

ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ದೇಶ ಇಟಲಿ. ಅಲ್ಲಿ ಸರ್ಕಾರಿ ಯೂನಿವರ್ಸಿಟಿಗಳ ಫೀ ಮನೆಯ ಆದಾಯ ನೋಡಿ ನಿಗದಿಯಾಗುತ್ತದೆ. ಆದಾಯ ಕಡಿಮೆ ಇದ್ದರೆ ಫೀ ಮಾಫಿ, ಜೊತೆಗೆ ಪ್ರಾದೇಶಿಕ ವಿದ್ಯಾರ್ಥಿವೇತನ. ಅದು ಹೊರದೇಶದವರಿಗೂ ಸಿಗುತ್ತದೆ. ಅಡಿಕೆ ಬೆಳೆಗಾರರ ಆದಾಯ ಅವರ ಅಳತೆಯಲ್ಲಿ ದೊಡ್ಡದೇನೂ ಅಲ್ಲ. ಆದರೆ ಕಾಗದದ ಕೆಲಸ ಜಾಸ್ತಿ. ಆದಾಯ, ಆಸ್ತಿ, ಕುಟುಂಬ ಸದಸ್ಯರ ದಾಖಲೆಗಳು, ಅವುಗಳ ಭಾಷಾಂತರ, ಹೊರದೇಶದಲ್ಲಿ ಒಪ್ಪಲು ಸರ್ಕಾರ ಹಾಕಿಕೊಡುವ ಅಪೊಸ್ಟೀಲ್ ಮುದ್ರೆ, ಎಲ್ಲ ಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ, ಪಾಸ್‌ಪೋರ್ಟಿನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ನಿಮ್ಮ ಹೆಸರೂ ಮಗಳ ಹೆಸರೂ ಒಂದೇ ಥರ ಇವೆಯಾ ಅಂತ ಇವತ್ತೇ ನೋಡಿಕೊಳ್ಳಿ. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ ಅಂತ ಇದ್ದರೂ ಪ್ರಶ್ನೆ ಏಳುತ್ತದೆ.

ನಾರ್ವೆಯಲ್ಲೂ ಫೀ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ಹಳೇ ಮಾತು. 2023ರಿಂದ ಅಲ್ಲಿ ನಮ್ಮವರಿಗೆ ಫೀ ಇದೆ. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಮಾತ್ರ ಈಗಲೂ ಪೂರ್ತಿ ಖರ್ಚು ಕೊಡುತ್ತದೆ. ಭೂಕುಸಿತ, ಪ್ರವಾಹದ ವಿಷಯದಲ್ಲಿ ಜಪಾನಿನಷ್ಟು ಪಳಗಿದ ದೇಶ ಕಡಿಮೆ, ಅವಳು ಅದನ್ನೂ ನೋಡಲಿ.

ಅರ್ಜಿಯಲ್ಲಿ ಏನು ಬರೆಯುವುದು ಅನ್ನುವುದು ಇಲ್ಲೆಲ್ಲ ನಿರ್ಣಾಯಕ. "ಚಿಕ್ಕಂದಿನಿಂದ ನನಗೆ ಎಂಜಿನಿಯರಿಂಗ್ ಇಷ್ಟ" ಅಂತ ಸಾವಿರಾರು ಜನ ಬರೆಯುತ್ತಾರೆ. ನಿಮ್ಮ ಮಗಳ ಹತ್ತಿರ ಬೇರೆಯವರ ಹತ್ತಿರ ಇಲ್ಲದ ವಿಷಯ ಇದೆ. 2019ರಲ್ಲಿ ಅಘನಾಶಿನಿ ಉಕ್ಕಿದ್ದು, 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ-ಮನೆ ಹೋದದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದು, ಇವೆಲ್ಲ ಅವಳ ಜಿಲ್ಲೆಯಲ್ಲೇ ಆದದ್ದು. ಗುಡ್ಡ ಕಡಿದು ರಸ್ತೆ ಅಗಲ ಮಾಡುವಾಗ ನೀರು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಯನ್ನು ಒಬ್ಬ ಸಿವಿಲ್ ಎಂಜಿನಿಯರ್ ಆಗಿ ಅವಳು ಹೇಗೆ ನೋಡುತ್ತಾಳೆ? ಕಲಿತು ಬಂದು ಇಲ್ಲಿ ಏನು ಮಾಡಬಲ್ಲಳು? ಅದನ್ನು ನೇರವಾಗಿ ಎರಡು ಪುಟ ಬರೆಯಲಿ. ಸಾಧ್ಯವಾದರೆ ಈ ಮಳೆಗಾಲದಲ್ಲಿ ತನ್ನ ಹಳೇ ಪ್ರೊಫೆಸರ್ ಜೊತೆ ಸೇರಿ ಒಂದು ಹಳ್ಳದ, ಒಂದು ಘಾಟಿ ತಿರುವಿನ ಸಣ್ಣ ಅಧ್ಯಯನ ಮಾಡಲಿ. ಶಿಫಾರಸು ಪತ್ರಕ್ಕೂ ಅದು ಬಲ ಕೊಡುತ್ತದೆ.

ಇದೇ ಪ್ರಶ್ನೆ ನಮ್ಮ ಜಿಲ್ಲೆಯ ಬೇರೆ ಮನೆಗಳಲ್ಲೂ ಇರುತ್ತದೆ, ಹಾಗಾಗಿ ಅವರಿಗೂ ಎರಡು ಮಾತು. ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅಲೆಮಾರಿ ಸಮುದಾಯದವರು, ಭೂಮಿ ಇಲ್ಲದ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳೂ ಅದಕ್ಕೆ ಅರ್ಜಿ ಹಾಕಬಹುದು. ವರ್ಷಕ್ಕೆ 125 ಜನರಿಗೆ, ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ಪದವಿಯಲ್ಲಿ ಶೇ. 60 ಬೇಕು. ಪರಿಶಿಷ್ಟ ಪಂಗಡಕ್ಕೆ ಬೇರೆ 20 ಸ್ಥಾನಗಳಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಸಮುದಾಯದ ಮಕ್ಕಳು ಇದನ್ನು ತಿಳಿದುಕೊಳ್ಳಲೇಬೇಕು. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯೂ ಪರಿಶಿಷ್ಟರಿಗೆ ಇದೆ. ಹಿಂದುಳಿದ ವರ್ಗದವರು, ಅಂದರೆ ನಾಮಧಾರಿ, ಹಾಲಕ್ಕಿ, ಮೀನುಗಾರ ಕುಟುಂಬಗಳ ಮಕ್ಕಳು, ಕಾರವಾರದ ದೇವರಾಜ ಅರಸು ನಿಗಮದ ಜಿಲ್ಲಾ ಕಚೇರಿಯಲ್ಲಿ ವಿದೇಶ ವ್ಯಾಸಂಗದ ಸಾಲದ ಬಗ್ಗೆ ವಿಚಾರಿಸಲಿ. ಭಟ್ಕಳ, ಹೊನ್ನಾವರ ಕಡೆಯ ಮುಸ್ಲಿಂ, ಕ್ರೈಸ್ತ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವಿದೆ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಮಾತ್ರ ವಿದೇಶಕ್ಕೆ ಅಲ್ಲ, ಅದು ಇಲ್ಲಿಯ ಆಯ್ದ ಕಾಲೇಜುಗಳಿಗೆ.

ಖಾಸಗಿ ಟ್ರಸ್ಟುಗಳಲ್ಲಿ ಹಳೆಯದು ಜೆ. ಎನ್. ಟಾಟಾ ಎಂಡೋಮೆಂಟ್. 1892ರಿಂದ ನಡೆಯುತ್ತಿದೆ. ರಾಷ್ಟ್ರಪತಿಯಾಗಿದ್ದ ಕೆ. ಆರ್. ನಾರಾಯಣನ್ ಲಂಡನ್ನಿಗೆ ಹೋಗಿ ಓದಿದ್ದು ಇದರಿಂದಲೇ. ಇದು ಕಡಿಮೆ ಬಡ್ಡಿಯ ಸಾಲ ರೂಪದ ನೆರವು, ಅಡಮಾನ ಕೇಳುವುದಿಲ್ಲ. ಕೆ. ಸಿ. ಮಹೀಂದ್ರ ಮತ್ತು ನರೋತ್ತಮ್ ಸೆಖ್ಸಾರಿಯಾ ಟ್ರಸ್ಟುಗಳು ಬಡ್ಡಿ ಇಲ್ಲದ ಸಾಲ ಕೊಡುತ್ತವೆ. ಸಮಾಜದ ಸಂಘಗಳು, ಮಠಗಳು ಕೊಡುವುದು ಸಣ್ಣ ಮೊತ್ತ, ಆದರೂ ವಿಮಾನದ ಟಿಕೆಟಿಗಾಗಬಹುದು. ಕೇಳಲು ಸಂಕೋಚ ಬೇಡ.

ಕೊನೆಗೆ ಸಾಲ ಬೇಕೇ ಆದರೆ ಸರ್ಕಾರಿ ಬ್ಯಾಂಕಿನ ಶಿಕ್ಷಣ ಸಾಲವನ್ನೇ ತೆಗೆದುಕೊಳ್ಳಿ. ಪ್ರತಿ ಬ್ಯಾಂಕಿಗೂ ಒಳ್ಳೆ ಯೂನಿವರ್ಸಿಟಿಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿರುವ ಕಡೆ ಸೀಟು ಸಿಕ್ಕರೆ ದೊಡ್ಡ ಮೊತ್ತವನ್ನೂ ಅಡಮಾನ ಇಲ್ಲದೆ ಕೊಡುವ ಬ್ಯಾಂಕುಗಳಿವೆ. ಮ್ಯಾನೇಜರನ್ನು ಈ ಪಟ್ಟಿಯ ಬಗ್ಗೆ ಕೇಳಿ. ನೀವು ಆದಾಯ ತೆರಿಗೆ ರಿಟರ್ನ್ ಸಲ್ಲಿಸುತ್ತಿಲ್ಲ ಅಂದರೆ ಈ ವರ್ಷದಿಂದಲೇ ಸಲ್ಲಿಸಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಬ್ಯಾಂಕಿಗೂ ವೀಸಾ ಕಚೇರಿಗೂ ಅದು ಒಪ್ಪುವ ಕಾಗದ. ಅಡಿಕೆ ವಿಕ್ರಿ ಪಟ್ಟಿಗಳನ್ನು ವರ್ಷವಾರು ಜೋಡಿಸಿಡಿ. ಹಣ ಕಳಿಸುವಾಗ ವರ್ಷಕ್ಕೆ 10 ಲಕ್ಷ ದಾಟಿದರೆ ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತಾರೆ, ಆಮೇಲೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಅದೂ ಇಲ್ಲ.

ಇನ್ನು ಆ ಡಿಪಾಸಿಟ್. ಇಂಥ ಹಣ ಹೆಚ್ಚಾಗಿ ವೀಸಾ ನಿರಾಕರಣೆ ಆದರೆ ಮಾತ್ರ ವಾಪಸ್ ಬರುತ್ತದೆ, ಮನಸ್ಸು ಬದಲಾಯಿಸಿದರೆ ಬರುವುದಿಲ್ಲ. ಮಗಳು ಇವತ್ತೇ ಯೂನಿವರ್ಸಿಟಿಗೆ ನೇರವಾಗಿ ಇಮೇಲ್ ಬರೆಯಲಿ, ಏಜೆಂಟರ ಮೂಲಕ ಬೇಡ. ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಲು ಆಗುತ್ತದೆಯಾ ಅಂತ ಕೇಳಲಿ. ಬಹಳ ಯೂನಿವರ್ಸಿಟಿಗಳು ಒಪ್ಪುತ್ತವೆ. ಹಾಗೆ ಒಪ್ಪಿದರೆ ಇದೇ ಸೀಟನ್ನು ಇಟ್ಟುಕೊಂಡು ಚೀವ್ನಿಂಗ್‌ಗೆ ಅರ್ಜಿ ಹಾಕಬಹುದು.